ಹೊಲ ವನ್ಯಧಾಮವಾಗುವಾಗ: ವಾಯೆ ದೆ ಓರೊ

ಬೇಸಾಯ ನಿಂತ ಹೊಲವನ್ನು ಹಾಗೇ ಬಿಟ್ಟರೆ ತಾನಾಗೇ ಕಾಡಾಗುತ್ತೆ ಅಂತ ನಾವು ಸುಲಭವಾಗಿ ಹೇಳ್ತೀವಿ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ವಾಯೆ ದೆ ಓರೊ ವನ್ಯಧಾಮ ಬೇರೆಯದನ್ನೇ ತೋರಿಸುತ್ತದೆ. ಅಲ್ಬುಕರ್ಕಿ ನಗರದ ದಕ್ಷಿಣಕ್ಕೆ, ರಿಯೊ ಗ್ರಾಂಡೆ ನದಿಯ ಪಕ್ಕದಲ್ಲಿರುವ ಇದು ಮೊದಲು ಸುಮಾರು 570 ಎಕರೆಯ ಡೈರಿ ಜಮೀನು. ನಿವೇಶನಗಳಾಗಬಹುದಿದ್ದ ಈ ನೆಲವನ್ನು ಉಳಿಸಬೇಕೆಂದು ನೆರೆಯ ಮೌಂಟನ್ ವ್ಯೂ ಬಡಾವಣೆಯವರು ಒತ್ತಾಯಿಸಿದರು. ಕೌಂಟಿ ಆಡಳಿತವೂ ಹಣ ಹಾಕಿತು. 2012ರಲ್ಲಿ ವನ್ಯಧಾಮ ಸ್ಥಾಪನೆಯಾಯಿತು.

ನೀರು ಹಾಯಿಸಲು ಹೊಲವನ್ನು ಮಟ್ಟ ಮಾಡಿರ್ತಾರೆ ಅಲ್ವಾ? ಅಲ್ಲಿ ಜೌಗು ಬೇಕಾದರೆ ತಗ್ಗುಗಳನ್ನು ಮತ್ತೆ ತೋಡಬೇಕು, ಆ ಸೀಮೆಯದೇ ಗಿಡ, ಹುಲ್ಲು ನೆಡಬೇಕು. ಅದು ವರ್ಷಗಳ ಕೆಲಸ. ಅಷ್ಟರಲ್ಲಿ ನೆಲ ಬರಿದಾದರೆ ಕಳೆ, ಧೂಳು. ಹಾಗಾಗಿ ಬೇಸಾಯವನ್ನು ಒಮ್ಮೆಗೇ ಕೈಬಿಡಲಿಲ್ಲ. ಕುದುರೆಮಸಾಲೆಗೆ ಕಾಲುವೆ ನೀರು ಹರಿಯುತ್ತಲೇ ಇತ್ತು. ಚಳಿಗಾಲಕ್ಕೆ ಬರುವ ಕ್ರೌಂಚ, ಹೆಬ್ಬಾತುಗಳು ಅದೇ ಹೊಲಕ್ಕೆ ಇಳಿಯುತ್ತವೆ.

ಇನ್ನು ಜನರ ವಿಚಾರ. ಕಾರ್ಖಾನೆ, ಗುಜರಿ ಅಂಗಳ, ನಗರದ ಕೊಳಚೆ ನೀರಿನ ಘಟಕ, ಎಲ್ಲದರ ಭಾರ ಹೊತ್ತ ಬಡಾವಣೆ ಇದು. ಹಸಿರು ಬಂದರೆ ಬಾಡಿಗೆ ಏರಿ, ಹೋರಾಡಿದವರೇ ಜಾಗ ಬಿಡಬೇಕಾಗಬಹುದು. ಅದಕ್ಕೇ ವನ್ಯಧಾಮವು ಸ್ಥಳೀಯ ಸಂಘಟನೆಯವರ ಜೊತೆ ಕೂತು ಪರಿಸರ ಮತ್ತು ಆರ್ಥಿಕ ನ್ಯಾಯದ ಯೋಜನೆಯನ್ನೇ ರೂಪಿಸಿತು.

ಸಸಿ ನೆಡೋಕೆ ಜನರನ್ನು ಕರೆಯೋದು ಸುಲಭ. ತೀರ್ಮಾನಕ್ಕೆ ಕರೆಯೋದು ಕಷ್ಟ. ನೆಲದ ಚೇತರಿಕೆಯನ್ನು ಹಕ್ಕಿ ಎಣಿಸಿ ಅಳೆಯುತ್ತೇವೆ. ಹತ್ತು ವರ್ಷದ ನಂತರ ಹಳೆಯ ನೆರೆಯವರು ಅಲ್ಲೇ ಇದ್ದಾರಾ ಅನ್ನೋದನ್ನೂ ಎಣಿಸಬೇಕು ಎಂಬುದು ನನ್ನ ವಾದ.