ಮೈದಾನದ ವೀರ, ಮನೆಯ ತೊಟ್ಟಿಲು

ಅಮೆರಿಕದ ಪ್ರಣಯ ಕಾದಂಬರಿಗಳಲ್ಲಿ ಒಂದು ಬಗೆಯುಂಟು. ನಾಯಕನು ಹೆಸರಾಂತ ಆಟಗಾರ. ಅವನ ಕಂಕುಳಲ್ಲಿ ತಾಯಿ ಬಿಟ್ಟುಹೋದ ಕೂಸು. ಲಿಜ್ ಟಾಮ್‌ಫೋರ್ಡ್ ಅವರು 2023ರಲ್ಲಿ ಪ್ರಕಟಿಸಿದ ‘ಕಾಟ್ ಅಪ್’ ಇದಕ್ಕೆ ನಿದರ್ಶನ. ಷಿಕಾಗೋ ತಂಡದ ಬೇಸ್‌ಬಾಲ್ ಎಸೆತಗಾರ ಕೈ ರೋಡ್ಸ್ ತನ್ನ ಮಗು ಮ್ಯಾಕ್ಸನನ್ನು ಒಬ್ಬನೇ ಸಾಕುತ್ತಾನೆ. ನೇಮಿಸಿದ ದಾದಿಯರಾರೂ ಅವನಿಗೆ ಒಪ್ಪಿಗೆಯಾಗರು. ಕಡೆಗೆ ತರಬೇತುದಾರರು ತಮ್ಮ ಮಗಳು ಮಿಲ್ಲರಳನ್ನೇ ಬೇಸಗೆಯ ಮಟ್ಟಿಗೆ ಆ ಕೆಲಸಕ್ಕೆ ನಿಲ್ಲಿಸುತ್ತಾರೆ. ಅಲ್ಲಿಯ ಪ್ರಧಾನ ತಂಡವೊಂದು ಋತುವಿಗೆ 162 ಪಂದ್ಯಗಳನ್ನಾಡಬೇಕು, ಅರ್ಧದಷ್ಟು ಪರಸ್ಥಳಗಳಲ್ಲಿ. ತೊಟ್ಟಿಲನ್ನು ಹೊತ್ತು ಅಲೆಯುವುದೆಂತು?

ಆಕರ್ಷಣೆಯ ಗುಟ್ಟು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಪ್ರೇಯಸಿಗೆ ಹೇಳುವ ಸವಿನುಡಿಯನ್ನು ಯಾವನೂ ಕಲಿತಾನು. ಮಾತು ಬಾರದ ಮಗುವಿನ ಮುಂದೆ ಅದು ನಡೆಯದು. ನಾಯಕಿಯೂ ಓದುವವಳೂ ಅವನನ್ನು ಅಳೆಯುವುದು ಕೂಸನ್ನು ಸಂತೈಸುವ ಕೈಗಳಿಂದ. ದಣಿದ ಗೃಹಿಣಿಗೆ ಅಂಥ ಗಂಡಸು ರಾಜಕುಮಾರನಿಗಿಂತ ದೊಡ್ಡ ಕನಸು. ಇದಕ್ಕೆ ನಗುವ ಮಹನೀಯರು ತಮ್ಮ ಮಕ್ಕಳಿಗೆ ತಾವು ಎಷ್ಟು ಸಲ ಉಣ್ಣಿಸಿದ್ದೇವೆಂದು ನೆನೆಯಲಿ.

ಕೊರತೆಯೂ ಉಂಟು. ಈ ತಂದೆಗೆ ಹಣದ ಚಿಂತೆಯಿಲ್ಲ. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿ ಮಕ್ಕಳನ್ನು ನಮ್ಮ ಕನ್ನಡ ಶಾಲೆಗೆ ಕಳುಹಿಸುವ ತಾಯಂದಿರನ್ನು ನಾವು ಬಲ್ಲೆವು. ದಾದಿಯ ಮಾತು ಅವರಿಗೆಲ್ಲಿಯದು? ಅವರಲ್ಲೊಬ್ಬಳು ಮರುಮದುವೆಯಾಗಬಯಸಿದರೆ ‘ಮಕ್ಕಳ ಗತಿಯೇನು?’ ಎಂದು ಊರೆಲ್ಲ ಕೇಳುತ್ತದೆ. ಈ ಕಥೆಯಲ್ಲಾದರೋ ಮಗು ಮದುವೆಗೆ ಅಡ್ಡಿಯಲ್ಲ, ಸೇತುವೆ.

ಮಿಲ್ಲರಳ ತಾಯಿ ಸತ್ತಾಗ ಅವಳನ್ನು ದತ್ತು ಪಡೆದು ಬೆಳೆಸಿದವರು ಆ ತರಬೇತುದಾರರೇ. ಪ್ರಣಯಕ್ಕಿಂತ ಈ ತಂದೆ-ಮಗಳ ಪುಟಗಳು ನಮಗೆ ಹೆಚ್ಚು ಹಿಡಿಸಿದವು. ಶೃಂಗಾರದ ವರ್ಣನೆ ಮಾತ್ರ ತೀರ ಬಿಚ್ಚುನುಡಿಯದು. ಪುಸ್ತಕವನ್ನು ಪ್ರಾಯಕ್ಕೆ ಬಂದವರೇ ಓದತಕ್ಕದ್ದು.