ಬೋರ್ಡ್ ಬದಲಿಸುವ ಮೊದಲು ಬಯಾಸ್ ತೆರೆಯಿರಿ

ಮನೆಯ ಕಂಪ್ಯೂಟರ್ ಐದಾರು ವರ್ಷಕ್ಕೆ ಮಂದವಾದರೆ ನಮಗೆ ಹೊಳೆಯುವ ದಾರಿ ಎರಡೇ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹೋಗಿ ಹೊಸ ಮದರ್‌ಬೋರ್ಡ್, ಹೊಸ ಪ್ರೊಸೆಸರ್ ತರುವುದು ಒಂದು. ಇರುವ ಪ್ರೊಸೆಸರನ್ನೇ ಓವರ್‌ಕ್ಲಾಕ್ ಮಾಡುವುದು, ಅಂದರೆ ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವುದು ಇನ್ನೊಂದು. ಬಹುಪಾಲು ಮನೆಗಳಿಗೆ ಈಗ ಎರಡೂ ಬೇಕಾಗಿಲ್ಲ ಎಂಬುದು ನನ್ನ ವಾದ. ಯಂತ್ರ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತಿದರೆ ತೆರೆದುಕೊಳ್ಳುವ ಬಯಾಸ್ ಪರದೆಯಲ್ಲಿ, ನಾವು ದುಡ್ಡು ಕೊಟ್ಟು ಕೊಂಡೂ ಬಳಸದೆ ಬಿಟ್ಟ ಸಾಮರ್ಥ್ಯ ಹಾಗೇ ಕೂತಿರುತ್ತದೆ. ಮೊದಲು ಅದನ್ನು ಎಬ್ಬಿಸಬೇಕು.

ಓವರ್‌ಕ್ಲಾಕಿಂಗ್‌ಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಪ್ರೊಸೆಸರ್ ವೇಗ ಎಂದರೆ ಒಂದು ಗುಣಾಕಾರ: ಬೋರ್ಡ್ ಕೊಡುವ ಮೂಲ ಮಿಡಿತವನ್ನು ಪ್ರೊಸೆಸರ್‌ನ ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಸಿಗುವ ಅಂಕಿ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್‌ನಲ್ಲಿ ಮಿಡಿತ 66 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ ನಾಲ್ಕೂವರೆ, ಒಟ್ಟು 300. ಬೋರ್ಡ್‌ನಲ್ಲಿ ಮಿಡಿತವನ್ನು 100ಕ್ಕೆ ಇಟ್ಟರೆ ಅದೇ ಚಿಪ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಒಂದೇ ಬದಲಾವಣೆಗೆ ಒಂದೂವರೆ ಪಟ್ಟು ವೇಗ! ಚಿಪ್‌ಗಿದ್ದ ತಾಕತ್ತಿಗಿಂತ ಬಹಳ ಕೆಳಗಿನ ಅಂಕಿ ಬರೆದು ಕಂಪನಿ ಅದನ್ನು ಮಾರುತ್ತಿದ್ದರಿಂದ ಇದು ಸಾಧ್ಯವಾಯಿತು. ಇವತ್ತಿನ ಚಿಪ್ ತನ್ನ ಶಾಖ, ತಾನು ಎಳೆಯುತ್ತಿರುವ ಕರೆಂಟು ಎರಡನ್ನೂ ಕ್ಷಣಕ್ಷಣ ಅಳೆದುಕೊಂಡು, ಅವಕಾಶ ಇದ್ದಷ್ಟೂ ತಾನೇ ಮೇಲೇರುತ್ತದೆ. ರೈಜೆನ್ 5 3600 ಡಬ್ಬದ ಮೇಲೆ 3.6 ಗಿಗಾಹರ್ಟ್ಸ್ ಎಂದಿದ್ದರೂ ಅದು ಯಾರೂ ಹೇಳದೆ 4.2ರವರೆಗೆ ಹೋಗುತ್ತದೆ. ಹಿಂದೆ ನಮಗೆ ಉಳಿಯುತ್ತಿದ್ದ ಆ ಅಂತರವನ್ನು ಈಗ ತಯಾರಕರೇ ಬಳಸಿಕೊಂಡಿದ್ದಾರೆ.

ಇನ್ನೂ ಮೇಲಕ್ಕೆ ತಳ್ಳಿದರೆ ತೆರಬೇಕಾದ ಬೆಲೆ ಭೌತಶಾಸ್ತ್ರದ್ದು. ಚಿಪ್ ನುಂಗುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗವನ್ನು ಶೇಕಡ 5 ಹೆಚ್ಚಿಸಲು ವೋಲ್ಟೇಜನ್ನು ಶೇಕಡ 8 ಏರಿಸಬೇಕಾಯಿತು ಎಂದುಕೊಳ್ಳಿ: ಲೆಕ್ಕ ಹಾಕಿದರೆ ಶಾಖ ಸುಮಾರು ಶೇಕಡ 22 ಹೆಚ್ಚುತ್ತದೆ. ಅದರ ಭಾರ ಪ್ರೊಸೆಸರ್ ಮೇಲಷ್ಟೇ ಬೀಳುವುದಿಲ್ಲ. ಸಾಕೆಟ್ ಪಕ್ಕದಲ್ಲಿ ಸಾಲಾಗಿ ನಿಂತ ಚೌಕದ ಪುಟ್ಟ ಕಪ್ಪು ಬಿಲ್ಲೆಗಳನ್ನು ನೋಡಿರಬಹುದು. ಪವರ್ ಸಪ್ಲೈಯ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸುವ ವಿಆರ್‌ಎಂ ಎಂಬ ವ್ಯವಸ್ಥೆಯ ಭಾಗ ಅವು. ಒಂದೂಕಾಲು ವೋಲ್ಟಿನಲ್ಲಿ 100 ವ್ಯಾಟ್ ಎಂದರೆ 80 ಆಂಪಿಯರ್. ಅಷ್ಟು ಕರೆಂಟು ಬೆರಳಗಲದ ಜಾಗದಲ್ಲಿ ಹರಿಯಬೇಕು. ಅಗ್ಗದ ಬೋರ್ಡ್‌ಗಳಲ್ಲಿ ಈ ಭಾಗಕ್ಕೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಅದು ಕಾದರೆ ಬೋರ್ಡೇ ಪ್ರೊಸೆಸರ್ ವೇಗವನ್ನು ತಗ್ಗಿಸುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟಿದಾಗ ಫ್ಯಾನ್ ಊದುವುದು ಅದೇ ಬಿಸಿಗಾಳಿಯನ್ನು. ಅಲ್ಲಿನ ಮನೆಯವರಿಗೆ ಓವರ್‌ಕ್ಲಾಕ್ ಮಾಡಿ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಗಿಗಾಹರ್ಟ್ಸ್ ಅಂಕಿಯೇ ಎಲ್ಲವೂ ಅಲ್ಲ ಎನ್ನಲು ಎಎಂಡಿಯ ರೈಜೆನ್ 7 5800ಎಕ್ಸ್3ಡಿಗಿಂತ ಒಳ್ಳೆಯ ಸಾಕ್ಷಿ ಬೇಡ. 2022ರ ಏಪ್ರಿಲ್‌ನಲ್ಲಿ ಬಂದ ಈ ಚಿಪ್‌ನ ಗರಿಷ್ಠ ವೇಗ 4.5 ಗಿಗಾಹರ್ಟ್ಸ್, ಅದಕ್ಕೂ ಮೊದಲಿನ 5800ಎಕ್ಸ್‌ನದು 4.7. ಆದರೂ ಆಟಗಳಲ್ಲಿ ಮುಂದೆ ಹೋದದ್ದು ನಿಧಾನದ ಚಿಪ್ಪೇ. ಅದರ ಒಡಲಲ್ಲಿದ್ದ ಎಲ್3 ಕ್ಯಾಶ್ ಎಂಬ ಮೆಮೊರಿ 96 ಎಂಬಿ, ಹಿಂದಿನದರಲ್ಲಿ 32 ಮಾತ್ರ. ಬೇಕಾದ ಮಾಹಿತಿ ಕೈಗೆಟಕುವಲ್ಲೇ ಇದ್ದರೆ ಪ್ರೊಸೆಸರ್ ಕಾಯುತ್ತ ಕೂರುವುದಿಲ್ಲ, ಅಷ್ಟೇ. ಇನ್ನೊಂದು ಮಾತು: ಈ ಚಿಪ್, 2017ರಲ್ಲಿ ಮೊದಲ ರೈಜೆನ್ ಜೊತೆಗೆ ಕೊಂಡ ಎಎಂ4 ಬೋರ್ಡ್‌ಗಳಲ್ಲಿ ಹಲವಕ್ಕೆ ಬಯಾಸ್ ಅಪ್‌ಡೇಟ್ ಮಾಡಿದರೆ ಹೊಂದುತ್ತದೆ. ಐದು ವರ್ಷದ ಹಳೆಯ ಬೋರ್ಡ್ ಕಸವಾಗಲಿಲ್ಲ. ಇಂಟೆಲ್ ಕೊಂಡವರಿಗೆ ಈ ಭಾಗ್ಯ ಕಡಿಮೆ. 2017ರ ಎಂಟನೆಯ ತಲೆಮಾರಿಗೆ ಸಾಕೆಟ್ ಹೆಸರು ಅದೇ ಎಲ್‌ಜಿಎ 1151 ಇದ್ದರೂ ಹೊಸ ಬೋರ್ಡ್ ಕೊಳ್ಳಬೇಕಾಯಿತು. ಹಾಗಾಗಿ ಸಾಕೆಟ್ ಹೆಸರು ನೋಡಿ ನಂಬದೆ, ಬೋರ್ಡ್ ತಯಾರಕರು ಪ್ರಕಟಿಸುವ ಪ್ರೊಸೆಸರ್ ಪಟ್ಟಿಯಲ್ಲಿ ನಿಮ್ಮ ಬೋರ್ಡಿನ ಹೆಸರಿನೆದುರು ಏನಿದೆ ಎಂದು ನೋಡಬೇಕು.

ಕಾಯುವಿಕೆಯ ಮಾತು ಬಂದಿತಲ್ಲ, ರ್‍ಯಾಮ್ ವಿಷಯವೂ ಅದೇ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ, ಸ್ಪೀಡ್ ಎಂಬಲ್ಲಿ ಕಣ್ಣು ಹಾಯಿಸಿ. 3200 ಎಂದು ಬರೆದ ಡಿಡಿಆರ್4 ಕೊಂಡವರ ಪರದೆಯಲ್ಲಿ ಎಷ್ಟೋ ಸಲ 2133 ಅಥವಾ 2400 ಎಂದಿರುತ್ತದೆ. ಬೋರ್ಡ್ ತಾನಾಗಿ ಸುರಕ್ಷಿತ ಅಂಕಿಯನ್ನು ಹಿಡಿದಿರುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಒಂದು ಸಾಲನ್ನು ಆನ್ ಮಾಡದ ಹೊರತು ಕೊಂಡ ವೇಗ ಸಿಗದು. ಒಂದೇ ರ್‍ಯಾಮ್ ಕಡ್ಡಿ ಇರುವ ಕಡೆ ಅಂಥದೇ ಇನ್ನೊಂದನ್ನು ಜೋಡಿಸಿದರೆ ಮಾಹಿತಿ ಹರಿಯುವ ದಾರಿ ಎರಡಾಗುತ್ತದೆ. ಬೋರ್ಡ್ ಬದಲಿಸಿದರೆ ಆಗುವ ಖರ್ಚಿನಲ್ಲಿ ಇದು ಸಣ್ಣ ಪಾಲು.

ಓವರ್‌ಕ್ಲಾಕ್ ಮಾಡಿ ಶೇಕಡ ಹತ್ತು ಲಾಭ ಪಡೆದವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಒಳ್ಳೆಯ ಕೂಲರ್, ಗಟ್ಟಿ ವಿಆರ್‌ಎಂ, ಗಂಟೆಗಟ್ಟಲೆ ಪರೀಕ್ಷಿಸುವ ತಾಳ್ಮೆ ಇರುವ ಹವ್ಯಾಸಿಗೆ ಅದು ನಿಜವಾದ ಸಂತೋಷ, ಅದನ್ನು ನಾನು ಗೌರವಿಸುತ್ತೇನೆ. ಆದರೆ ದಿನದ ಕೆಲಸಕ್ಕೆ ನಾನು ಹೇಳುವುದು ವೋಲ್ಟೇಜನ್ನು ಹದವಾಗಿ ಇಳಿಸುವುದನ್ನು. 1.35ರಿಂದ 1.20 ವೋಲ್ಟಿಗೆ ಇಳಿದರೆ ಅದೇ ವೇಗದಲ್ಲಿ ಶಾಖ ಸುಮಾರು ಐದನೇ ಒಂದು ಪಾಲು ಕಡಿಮೆ. ತಂಪಾಗಿರುವ ಚಿಪ್ ತನ್ನ ಮೇಲಿನ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎಲ್ಲ ಚಿಪ್ಪೂ ಅಷ್ಟು ಇಳಿಸಗೊಡದು, ಸ್ವಲ್ಪಸ್ವಲ್ಪವೇ ಇಳಿಸಿ ಪರೀಕ್ಷಿಸಬೇಕು. ಹೆಚ್ಚು ವೋಲ್ಟೇಜ್ ಏನು ಮಾಡಬಲ್ಲದು ಎಂಬುದು 2024ರಲ್ಲಿ ಜಗತ್ತಿಗೇ ತಿಳಿಯಿತು: ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಅಸ್ಥಿರವಾಗಲು ಅತಿಯಾದ ವೋಲ್ಟೇಜೇ ಕಾರಣ ಎಂದು ಕಂಪನಿಯೇ ಒಪ್ಪಿ, ಚಿಪ್‌ನ ಒಳಗಿನ ಸೂಚನೆಗಳಾದ ಮೈಕ್ರೋಕೋಡನ್ನು ಹೊಸದಾಗಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಮೈಕ್ರೋಕೋಡ್ ಮನೆಮನೆಗೆ ತಲುಪಬೇಕಾದದ್ದೂ ಬಯಾಸ್ ಅಪ್‌ಡೇಟ್ ಮೂಲಕವೇ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇನ್ನು ಹೊಸ ಬೋರ್ಡ್ ಅನಿವಾರ್ಯ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂಟೆಲ್‌ನ ಏಳನೆಯ ತಲೆಮಾರು ಮತ್ತು ಅದಕ್ಕಿಂತ ಹಳೆಯ ಮನೆಬಳಕೆಯ ಯಂತ್ರಗಳಲ್ಲಿ ಬಹುತೇಕ ಎಲ್ಲಕ್ಕೂ ಅದು ನಿಜ. ಎಂಟನೆಯ ತಲೆಮಾರು ಅಥವಾ ರೈಜೆನ್ 2000 ಸಾಲಿನ ಯಂತ್ರ ಇಟ್ಟುಕೊಂಡವರಿಗೆ ಮಾತ್ರ, ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಸೌಲಭ್ಯ ಸಾಮಾನ್ಯವಾಗಿ ಬಯಾಸ್‌ನಲ್ಲೇ ಆಫ್ ಆಗಿ ಕೂತಿರುತ್ತದೆ.

ಬಯಾಸ್ ಮುಟ್ಟಿದರೆ ಬೋರ್ಡೇ ಸತ್ತೀತು ಎಂಬ ಭಯವೂ ಸುಳ್ಳಲ್ಲ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಯಂತ್ರ ಏಳದೆ ಹೋಗಬಹುದು. ಲೋಡ್‌ಶೆಡ್ಡಿಂಗ್ ಇರುವ ಊರಿನಲ್ಲಿ ಯುಪಿಎಸ್‌ಗೆ ಸಿಕ್ಕಿಸಿಯೇ ಈ ಕೆಲಸಕ್ಕೆ ಕೈಹಾಕಬೇಕು. ಹೊಸ ಪ್ರೊಸೆಸರ್ ಹಾಕುವುದಿದ್ದರೆ ಹಳೆಯದು ಕೂತಿರುವಾಗಲೇ ಅಪ್‌ಡೇಟ್ ಮುಗಿಸಬೇಕು, ಇಲ್ಲವಾದರೆ ಹೊಸದನ್ನು ಬೋರ್ಡ್ ಗುರುತಿಸುವುದಿಲ್ಲ. ಸೆಟ್ಟಿಂಗ್ ತಪ್ಪಿ ಪರದೆ ಕಪ್ಪಾದರೆ ಹೆದರುವುದು ಬೇಡ: ಪ್ಲಗ್ ಕಿತ್ತು, ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ಲನ್ನು ಕೆಲವು ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಎಲ್ಲವೂ ಮೊದಲಿನಂತಾಗುತ್ತದೆ. ಇನ್ನು ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇರುವ ಯಂತ್ರ, ಬೋರ್ಡ್ ಬದಲಾದರೆ ಖಂಡಿತವಾಗಿ, ಬಯಾಸ್ ಅಪ್‌ಡೇಟ್ ಆದರೂ ಕೆಲವೊಮ್ಮೆ, 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.