ಒಂದೇ ದಿನದ ವಿಶ್ವಪಟ್ಟ

ರಸ್ತೆ ಸೈಕ್ಲಿಂಗ್‌ನ ವಿಶ್ವ ಚಾಂಪಿಯನ್ ಯಾರೆಂದು ಒಂದೇ ದಿನದಲ್ಲಿ ತೀರ್ಮಾನವಾಗುತ್ತದೆ. ಗೆದ್ದವರಿಗೆ ವರ್ಷಪೂರ್ತಿ ಐದು ಬಣ್ಣದ ಪಟ್ಟೆಯಿರುವ ಬಿಳಿ ಜೆರ್ಸಿ. ಟಯರ್ ಪಂಕ್ಚರ್ ಆದವರಿಗೆ ಮುಂದಿನ ವರ್ಷವೇ ಗತಿ. ಇದು ಬರೀ ಅದೃಷ್ಟದಾಟ ಎನ್ನುವವರಿದ್ದಾರೆ. ದಾಖಲೆಗಳು ಹಾಗೆ ಹೇಳುವುದಿಲ್ಲ. 1927ರಲ್ಲಿ ಜರ್ಮನಿಯಲ್ಲಿ ವೃತ್ತಿಪರರ ಮೊದಲ ಪಟ್ಟ ಗೆದ್ದ ಇಟಲಿಯ ಆಲ್ಫ್ರೆಡೊ ಬಿಂಡಾ, ಮುಂದೆ ಇನ್ನೆರಡು ಸಲ ಗೆದ್ದರು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಗೆದ್ದದ್ದೂ ಮೂರು ಸಲ. ಸ್ಲೊವಾಕಿಯಾದ ಪೀಟರ್ ಸಗಾನ್ 2015ರಿಂದ 2017ರವರೆಗೆ ಸತತವಾಗಿ ಮೂರು. ಅದೃಷ್ಟ ಒಬ್ಬರ ಮನೆಗೇ ಇಷ್ಟು ಸಲ ಬರುವುದಿಲ್ಲ.

ನಿಜವಾದ ಅಸಮಾನತೆ ಇರುವುದು ನಿಯಮದಲ್ಲಿ. ವರ್ಷವಿಡೀ ಕಂಪನಿ ತಂಡಗಳಿಗೆ ಸೈಕಲ್ ತುಳಿಯುವವರು ವಿಶ್ವಪಟ್ಟದ ದಿನ ದೇಶದ ಜೆರ್ಸಿ ತೊಡುತ್ತಾರೆ. ರ‍್ಯಾಂಕಿಂಗ್‌ನಲ್ಲಿ ಮೇಲಿರುವ ದೇಶಗಳಿಗೆ ಎಂಟು ಸ್ಥಾನ, ಕೆಳಗಿರುವವಕ್ಕೆ ಬೆರಳೆಣಿಕೆಯಷ್ಟು. ಮುಂದೆ ತುಳಿಯುತ್ತ ಗಾಳಿ ತಡೆಯುವ ಜೊತೆಗಾರರಿಲ್ಲದೆ ಇನ್ನೂರೈವತ್ತು ಕಿಲೋಮೀಟರ್ ಸೆಣಸುವುದು ಎಷ್ಟು ಕಷ್ಟ, ಯೋಚಿಸಿ! ರ‍್ಯಾಂಕಿಂಗ್ ಅಂಕ ಸಿಗುವುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪಟ್ಟಿಯಲ್ಲಿರುವ ಓಟಗಳಲ್ಲಿ ಮಾತ್ರ. ನಮ್ಮ ಕಡೆಯನ್ನೇ ನೋಡಿ: ಮಹಾರಾಷ್ಟ್ರದ ಮಿರಜ ತಾಲ್ಲೂಕಿನ ಖಂಡೇರಾಜುರಿಯಿಂದ ಕರ್ನಾಟಕದ ಗಡಿ ದಾಟಿ ಮುಂದೆ ಹೋದರೆ ಸಿಗುವ ವಿಜಯಪುರ, ಬಾಗಲಕೋಟೆ ಸೀಮೆ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳ ತವರು. ಇಲ್ಲಿನ ಮಕ್ಕಳ ಕಾಲಲ್ಲಿ ಕಸುವಿದೆ. ಕೊರತೆ ಇರುವುದು ಅಂಕ ಕೊಡುವ ಓಟಗಳದು. ಅದಕ್ಕೆ ದುಡ್ಡೆಲ್ಲಿದೆ ಎನ್ನುವವರು ರುವಾಂಡಾವನ್ನು ನೋಡಲಿ. ಆ ಪುಟ್ಟ ದೇಶ ವರ್ಷ ವರ್ಷವೂ ತನ್ನದೇ ಅಂತರರಾಷ್ಟ್ರೀಯ ಓಟ ನಡೆಸುತ್ತ ಬಂದು, 2025ರಲ್ಲಿ ಆಫ್ರಿಕಾದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ಗೆ ಕಿಗಾಲಿಯಲ್ಲಿ ಆತಿಥ್ಯ ವಹಿಸಿತು. ಮಿರಜದಿಂದ ವಿಜಯಪುರದವರೆಗೆ ಅಂಥದ್ದೊಂದು ಓಟ ಬೇಕೆಂದು ಎರಡೂ ಸರ್ಕಾರಗಳನ್ನು ಕೇಳೋಣ, ಪಟ್ಟು ಬಿಡದೆ ಕೇಳೋಣ.